ನಾಲ್ಕು ನ್ಯಾನೋ ಆಂಪಿಯರ್

ನನ್ನ ಕೆಲಸವನ್ನು ನಮ್ಮ ಅವ್ವ ಓಣಿಯವರಿಗೆ ಮೂರೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ: "ನಮ್ಮಾಕಿ ಕರೆಂಟ್ ಉಳಸ್ತಾಳ." ಅದನ್ನು ಕೇಳಿದವರು ಯಾವ ಫ್ರಿಡ್ಜ್ ಒಳ್ಳೆಯದು, ಇನ್ವರ್ಟರ್ ಬ್ಯಾಟರಿಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಎಂದು ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನಾನು ಉಳಿಸುವ ಕರೆಂಟು ಫ್ರಿಡ್ಜಿನದಲ್ಲ, ಕಿರುಬೆರಳ ಉಗುರಿಗಿಂತ ಚಿಕ್ಕದಾದ ಚಿಪ್‌ನ ಹೊಟ್ಟೆಯೊಳಗಿನದು ಎಂದು ವಿವರಿಸಲು ಹೋಗಿ ಸೋತಿದ್ದೇನೆ. ಈಗ ಇನ್ವರ್ಟರ್ ಬಗ್ಗೆಯೂ ನಾಲ್ಕು ಮಾತು ಕಲಿತಿದ್ದೇನೆ.

ಚಿಪ್‌ಗೆ ಹೊರಗಿನಿಂದ ಬರುವುದು ಮೂರು ವೋಲ್ಟ್, ಬಿಲ್ಲೆಯಂಥ ಒಂದು ಸೆಲ್‌ನಿಂದ. ಒಳಗಿನ ಟ್ರಾನ್ಸಿಸ್ಟರ್‌ಗಳು ಬಲು ಸೂಕ್ಷ್ಮ. ಅವಕ್ಕೆ ಅದರ ಅರ್ಧಕ್ಕಿಂತ ಕಡಿಮೆ ಸಾಕು, ಹೆಚ್ಚಾದರೆ ಕೆಟ್ಟುಹೋಗುತ್ತವೆ. ಸೆಲ್ ಹೊಸದಿರಲಿ, ಹಳೆಯದಾಗಿ ಸೊರಗಿರಲಿ, ಒಳಗೆ ಮಾತ್ರ ಸದಾ ಅಷ್ಟೇ ವೋಲ್ಟ್ ಸಿಗುವಂತೆ ನೋಡಿಕೊಳ್ಳುವ ಪುಟ್ಟ ಸರ್ಕ್ಯೂಟ್ ಒಂದು ಬೇಕು. ಅದನ್ನು ಮಾಡುವವಳು ನಾನು. ನಮ್ಮ ಚಿಪ್ ಗಂಟೆಗೊಮ್ಮೆ ಎದ್ದು, ಮಣ್ಣಿನ ತೇವ ಅಳೆದು, ಸುದ್ದಿ ಕಳಿಸಿ, ಮತ್ತೆ ಮಲಗುತ್ತದೆ. ನನ್ನ ಸರ್ಕ್ಯೂಟ್ ಮಾತ್ರ ಹಗಲಿರುಳು ಎಚ್ಚರವಿರಬೇಕು. ಎಚ್ಚರವಿದ್ದು ಅದೇ ಸೆಲ್ಲನ್ನು ತಿಂದು ಮುಗಿಸಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆದ್ದರಿಂದ ಅದಕ್ಕೆ ಕೊಡುವ ಕರೆಂಟನ್ನು ನಾವು ನ್ಯಾನೋ ಆಂಪಿಯರ್‌ಗಳಲ್ಲಿ ಎಣಿಸುತ್ತೇವೆ. ಒಂದು ಆಂಪಿಯರ್ ಅನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋ. ಅಂಥ ಒಂದೊಂದು ಪಾಲಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು ಎಂದರೆ ನೀವು ನಗಬಹುದು. ನಗಿರಿ, ಪರವಾಗಿಲ್ಲ.

ನಮ್ಮ ಆಫೀಸು ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿದೆ. ಇರುವವರು ಮೂವರೇ. ನಡೆಸುವವರನ್ನು ನಾವು ಸರ್ ಅನ್ನುತ್ತೇವೆ. ಕಾಲೇಜಿನಲ್ಲಿ ನನಗೆ ಎಲೆಕ್ಟ್ರಾನಿಕ್ಸ್ ಕಲಿಸಿದವರು, ಪಾಠ ಸಾಕಾಗಿ ಚಿಪ್ ಮಾಡಲು ಕುಳಿತವರು. ಎರಡನೆಯವಳು ನಾನು. ಮೂರನೆಯವನು ಕಂಪ್ಲಿಯವನು, ನನಗಿಂತ ಎರಡು ವರ್ಷ ಚಿಕ್ಕವನು, ನಮ್ಮ ಲೇಔಟ್‌ಗಾರ. ನಾನು ಕಾಗದದ ಮೇಲೆ ಟ್ರಾನ್ಸಿಸ್ಟರ್ ಜೋಡಿಸಿ ಕೊಟ್ಟರೆ, ಅದು ಸಿಲಿಕಾನ್ ಮೇಲೆ ಎಲ್ಲಿ ಕೂರಬೇಕು, ತಂತಿ ಯಾವ ದಾರಿ ಹಿಡಿಯಬೇಕು ಎಂದು ಗೆರೆ ಗೆರೆಯಾಗಿ ಬರೆಯುವವನು ಅವನು. ಅವನ ಕೈಯ ಗೆರೆ ಎಂದರೆ ರಂಗೋಲಿ. ಒಂದು ಎಳೆ ಆಚೀಚೆ ಆಗಿದ್ದನ್ನು ನಾನು ನೋಡಿಲ್ಲ.

ಮೊದಲ ಚಿಪ್ ಶುರುವಾದಾಗಲೇ ಸರ್ ನನಗೊಂದು ಮಾತು ಹೇಳಿದ್ದರು. ಈ ಒಳಗಿನ ವೋಲ್ಟ್ ಸರ್ಕ್ಯೂಟನ್ನು ಹೊರದೇಶದವರಿಂದ ಸಿದ್ಧವಾಗಿಯೇ ತರಿಸಬಹುದು. ಅದು ನನ್ನದಕ್ಕಿಂತ ಹತ್ತು ಪಟ್ಟು ಹೆಚ್ಚು ಕರೆಂಟ್ ತಿನ್ನುತ್ತದೆ, ಆದರೆ ಕೈಕೊಡುವುದಿಲ್ಲ. "ಮೊದಲನೇ ಚಿಪ್‌ನ್ಯಾಗ ನಿನ್ನದು ಹಾಕೋಣ. ಒಂದು ತಪ್ಪು ಬಂತಂದ್ರ ಎರಡನೇದ್ರಾಗ ಅವರದ. ಆಮ್ಯಾಲೆ ನನ್ನ ಮುಂದ ಅಳಬಾರದು, ಏನಂತಿ?" ಎಂದು ಕೇಳಿದರು. ನಾನು ಒಪ್ಪಿಕೊಂಡೆ. ಎರಡು ವರ್ಷ ನಾನು ಬೇರೇನನ್ನೂ ಯೋಚಿಸಲಿಲ್ಲ. ಅದು ನನ್ನ ಹೆಸರಿಲ್ಲದ, ಆದರೆ ಪೂರ್ತಿ ನನ್ನದಾದ ವಸ್ತು.

ಈಗ ಆ ಸರ್ಕ್ಯೂಟಿನ ಸ್ವಭಾವ ಸ್ವಲ್ಪ ಹೇಳಬೇಕು. ಅದರಲ್ಲಿ ಎರಡು ಭಾಗಗಳು. ಒಂದರಲ್ಲಿ ಕರೆಂಟ್ ಹರಿದರೆ ಇನ್ನೊಂದರಲ್ಲಿ ಹರಿಯುತ್ತದೆ, ಇನ್ನೊಂದರಲ್ಲಿ ಹರಿದರೆ ಮೊದಲನೆಯದರಲ್ಲಿ. ಒಮ್ಮೆ ಶುರುವಾದರೆ ಒಂದನ್ನೊಂದು ಹಿಡಿದುಕೊಂಡು ವರ್ಷಗಟ್ಟಲೆ ನಡೆಯುತ್ತವೆ. ಶುರುವಾಗುವುದೇ ಕಷ್ಟ. ಮದುವೆ ಊಟದ ಪಂಕ್ತಿಯಲ್ಲಿ ಇಬ್ಬರು ಬೀಗರು ಎದುರುಬದುರು ಕುಳಿತು "ನೀವು ಮೊದಲು ತಗೊಳ್ರಿ", "ಇಲ್ರಿ, ನೀವು ಮೊದಲು" ಎಂದು ಎಲೆಗೆ ಕೈ ಹಾಕದೆ ಉಳಿದುಬಿಟ್ಟಂತೆ, ಎರಡೂ ಸೊನ್ನೆಯಲ್ಲೇ ಕುಳಿತುಬಿಡಬಹುದು. ಅದಕ್ಕಾಗಿಯೇ ಪಕ್ಕದಲ್ಲಿ ಇನ್ನೊಂದು ಚಿಕ್ಕ ಜೋಡಣೆ ಇಡುತ್ತೇವೆ, ಸ್ಟಾರ್ಟ್-ಅಪ್ ಎಂದು. "ಶುರು ಮಾಡ್ರಿ" ಎಂದು ಒಂದು ಮಾತು ಹೇಳಿ ಸರಿದುಹೋಗುವುದು ಅದರ ಕೆಲಸ. ಸರಿದುಹೋದ ಮೇಲೂ ಅದು ಚೂರು ಕರೆಂಟ್ ತಿನ್ನುತ್ತಲೇ ಇರುತ್ತದೆ. ನನ್ನದರಲ್ಲಿ ಅದು ನಾಲ್ಕು ನ್ಯಾನೋ ಆಂಪಿಯರ್.

ಆ ನಾಲ್ಕು ನನ್ನ ಕಣ್ಣು ಚುಚ್ಚುತ್ತಿತ್ತು. ಸರ್ಕ್ಯೂಟ್ ಪೂರ್ತಿ ಸೇರಿ ಅರವತ್ಮೂರು. ಅವು ನಾಲ್ಕು ಹೋದರೆ ಐವತ್ತೊಂಬತ್ತು! ಅರವತ್ತರ ಕೆಳಗೆ! ಆ ಅಂಕಿ ನೋಡಲು ಎಷ್ಟು ಚೆಂದ ಎಂದು ನಿಮಗೆ ಹೇಗೆ ಹೇಳಲಿ. ಚಿಪ್‌ನ ನಕ್ಷೆಯನ್ನು ಫ್ಯಾಕ್ಟರಿಗೆ ಕಳಿಸುವ ದಿನ ಮಧ್ಯಾಹ್ನ ಸರ್ ಪಟ್ಟಿ ಹಿಡಿದು ಒಂದೊಂದೇ ಕೇಳಿ ಗುರುತು ಹಾಕಿದರು. ಸ್ಟಾರ್ಟ್-ಅಪ್ ಇದೆಯಾ? ಇದೆ. ಗುರುತು ಬಿತ್ತು. ಅವರು ಮನೆಗೆ ಹೋದರು. ಸಂಜೆ ಐದಕ್ಕೆ ನಾನು ಸುಮ್ಮನೆ ನೋಡೋಣವೆಂದು ಸ್ಟಾರ್ಟ್-ಅಪ್ ತೆಗೆದು, ಸರ್ಕ್ಯೂಟ್ ಹೇಗೆ ನಡೆದೀತೆಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ತೋರಿಸುವ ಸಿಮ್ಯುಲೇಷನ್ ಓಡಿಸಿದೆ. ಸರ್ಕ್ಯೂಟ್ ಎದ್ದಿತು. ಮತ್ತೆ ಓಡಿಸಿದೆ, ಎದ್ದಿತು. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಎದ್ದಿತು. ನನ್ನ ಜೋಡಣೆ ಅಷ್ಟು ಚೆನ್ನಾಗಿದೆ, ಅದಕ್ಕೆ ಊರುಗೋಲೇ ಬೇಡ ಎಂದು ನಾನು ಹಿಗ್ಗಿದೆ.

"ಇದನ್ನ ತೆಗೆದುಬಿಡು" ಎಂದು ಲೇಔಟ್‌ಗಾರನಿಗೆ ಹೇಳಿದೆ.

ಅವನು ಪರದೆಯಿಂದ ಮುಖ ಎತ್ತಿದ. "ಅಕ್ಕಾ, ಸರ್‌ಗೆ ಗೊತ್ತೈತೇನ್ರಿ?"

"ಹೇಳೀನೋ. ನೀ ತೆಗಿ, ಜಲ್ದಿ."

ಹೇಳಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಬಂದಾಗ ಚಿಪ್ ಫೈಲು ಹೋಗಿಯಾಗಿತ್ತು, ಹೇಳುವ ಅಗತ್ಯ ಕಾಣಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾರ್ತಿಗೆ ಬೇರೆ ಗಾದೆ ಇಲ್ಲ, ಅದೇ ಸಾಕು.

ಚಿಪ್‌ಗಳು ಮೇ ತಿಂಗಳಲ್ಲಿ ಬಂದವು. ಹೊಸಪೇಟೆಯ ಮೇ ತಿಂಗಳು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆವತ್ತು ಕರೆಂಟ್ ಬೇರೆ ಇರಲಿಲ್ಲ. ಮೂವರೂ ಬೆವರಿಳಿಸುತ್ತ, ಚಿಪ್ ಕೂರಿಸಿದ ಒಂದು ಬೋರ್ಡಿನ ಮೇಲೆ ಬಾಗಿದ್ದೆವು. ನಾನು ಸೆಲ್ ಹಾಕಿದೆ. ಬೋರ್ಡಿನ ಮೂಲೆಯ ಪುಟ್ಟ ದೀಪ ಒಮ್ಮೆ ಮಿನುಗಿತು. ಎದ್ದಿದೆ! ಮೀಟರ್ ಹಚ್ಚಿದೆ: ಒಂದು ಬಿಂದು ಎರಡು ವೋಲ್ಟ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಕೂಗಿದ ಕೂಗಿಗೆ ಕೆಳಗಿನ ಪಾತ್ರೆ ಅಂಗಡಿಯವರು ಯಾರೋ ಬಿದ್ದರೆಂದು ಮೆಟ್ಟಿಲು ಹತ್ತಿ ಬಂದರು. ಅವರಿಗೂ ಸೇರಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತರಿಸಿದೆವು. ಐವತ್ತೊಂಬತ್ತು ನ್ಯಾನೋ ಎಂದು ಮೀಟರ್ ತೋರಿಸಿದಾಗ ಸರ್ ಹುಬ್ಬು ಏರಿಸಿದರು. "ಲೆಕ್ಕದಾಗ ಅರವತ್ಮೂರು ಇತ್ತಲ್ಲ?" ಎಂದರು. "ಚಲೋ ಬಂದೈತಿ ಬಿಡ್ರಿ ಸರ್" ಎಂದು ನಾನು ಮಿರ್ಚಿ ಅವರ ಕಡೆ ಸರಿಸಿದೆ. ಲೇಔಟ್‌ಗಾರ ನನ್ನನ್ನು ನೋಡಿದ. ನಾನು ಅವನನ್ನು ನೋಡಲಿಲ್ಲ.

ಮುಂದಿನ ಪರೀಕ್ಷೆ ಬಿಸಿಲಿನದು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಬೀರುವಿನಂಥ ಯಂತ್ರ ಇರುತ್ತದೆ; ಒಳಗಿನ ಬಿಸಿ, ತಂಪು ಬೇಕಾದಂತೆ ಏರಿಳಿಸಬಹುದು. ನಮಗೆ ಎಲ್ಲಿಯದು? ಸರ್ ಹೇಳಿದರು, "ಹಂಪಿ ಬಂಡೆ ಅದಾವಲ್ಲ." ಮೂವರೂ ಎರಡು ಬೈಕ್ ಹತ್ತಿ ಹೋದೆವು. ಮಟಮಟ ಮಧ್ಯಾಹ್ನ, ಬಾಳೆತೋಟದ ಅಂಚಿನ ಒಂದು ಬಂಡೆಯ ಮೇಲೆ ಹತ್ತು ಬೋರ್ಡು ಇಟ್ಟು, ನಾವು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕೈ ಇಟ್ಟರೆ ಬೊಬ್ಬೆ ಏಳುವಂಥ ಕಲ್ಲು. ಗಂಟೆಗೊಮ್ಮೆ ಸೆಲ್ ತೆಗೆದು ಹಾಕಿ ನೋಡಿದರೆ ಹತ್ತಕ್ಕೆ ಹತ್ತೂ ಎದ್ದವು, ಅದೂ ಎಷ್ಟು ಚುರುಕಾಗಿ! ಬಿಸಿಲು ಏರಿದಷ್ಟೂ ಇನ್ನೂ ಬೇಗ. ಅದನ್ನು ನೋಡಿ ನನಗೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಜಂಬ.

ತಂಪಿನ ಪರೀಕ್ಷೆ? ಅದರ ಮಾತನ್ನು ಮೂವರಲ್ಲಿ ಒಬ್ಬರೂ ಎತ್ತಲಿಲ್ಲ. ನಾವು ಬಿಸಿಲಿಗೆ ಹೆದರಿ ಬೆಳೆದವರು. ನಮ್ಮ ಊರಿನವರು ಸೈಕಲ್ ಟೈರಿನಿಂದ ಹಿಡಿದು ಮದುವೆ ಮುಹೂರ್ತದವರೆಗೆ ಎಲ್ಲವನ್ನೂ ಬಿಸಿಲು ತಡೆಯುತ್ತದೆಯೇ ಎಂದೇ ನೋಡುವುದು. ಚಳಿ ಒಂದು ವಸ್ತುವನ್ನು ಕೆಡಿಸಬಹುದು ಎಂಬುದು ನಮ್ಮ ತಲೆಗೆ ಹೊಳೆಯುವ ಸಂಗತಿಯೇ ಅಲ್ಲ.

ಚಿಪ್‌ಗಳನ್ನು ಕೋಲುಗಳಲ್ಲಿ ಕೂರಿಸಿ ಮಣ್ಣಿಗೆ ಚುಚ್ಚಿದೆವು. ಐದು ಕಂಪ್ಲಿಯಲ್ಲಿ, ಲೇಔಟ್‌ಗಾರನ ಮಾವನ ಭತ್ತದ ಗದ್ದೆಯ ಅಂಚಿಗೆ. ಜೂನ್ ತಿಂಗಳ ಉರಿಬಿಸಿಲಿನಲ್ಲಿ ಸೆಲ್ ಹಾಕಿದ್ದು, ಐದೂ ಎದ್ದು ನಿಂತವು, ಮತ್ತೆ ಯಾರೂ ಸೆಲ್ ತೆಗೆಯಲಿಲ್ಲ, ಹಾಗಾಗಿ ನಡೆಯುತ್ತಲೇ ಇದ್ದವು. ಹತ್ತು ಕೋಲು ಸಂಡೂರಿಗೆ ಹೋದವು. ಅಲ್ಲಿ ಅದಿರು ತೆಗೆದ ಗುಡ್ಡಗಳ ಮೇಲೆ ಮತ್ತೆ ಗಿಡ ನೆಡಲು ಸಸಿ ಬೆಳೆಸುವ ನರ್ಸರಿ ಒಂದಿದೆ. ಅದನ್ನು ನೋಡಿಕೊಳ್ಳುವ ಹೆಂಗಸಿಗೆ ಐವತ್ತೈದು ದಾಟಿರಬೇಕು. ಹೊಂಗೆ, ಬೇವು, ಸೀತಾಫಲದ ಪಾತಿಗಳ ನಡುವೆ ಬೆಳಗಿನಿಂದ ಓಡಾಡುವವರು. ಒಂದು ಪಾತಿ ಖಾಲಿಯಾದರೆ ಕೋಲಿನ ಸೆಲ್ ತೆಗೆದಿಟ್ಟು, ಹೊಸ ಸಸಿ ಇಟ್ಟಾಗ ಮತ್ತೆ ಹಾಕುವುದು ಅವರ ಪದ್ಧತಿ. ನಾವು ಹೇಳಿಕೊಟ್ಟದ್ದಲ್ಲ, ಉರಿಯದ ದೀಪಕ್ಕೆ ಎಣ್ಣೆ ಯಾಕೆ ಎಂಬ ಜಾತಿ ಅವರದು.

ಡಿಸೆಂಬರಿನಲ್ಲಿ ಅವರ ಫೋನ್ ಬಂತು. "ಯವ್ವಾ, ನಿಮ್ಮ ಕೋಲು ಭಾಳ ಮೈಗಳ್ಳ ಅದಾವ ನೋಡು. ಮಧ್ಯಾಹ್ನ ಸೆಲ್ ಹಾಕಿದ್ರ ಏಳ್ತಾವ. ಮುಂಜಾನಿ ಹಾಕಿದ್ರ ಏಳವಲ್ಲವು."

"ಸೆಲ್ ಉಲ್ಟಾ ಹಾಕೀರೇನೋ ನೋಡ್ರಿ ಅಮ್ಮಾರ."

"ಉಲ್ಟಾ ಹಾಕಿದ್ರ ಮಧ್ಯಾಹ್ನ ಹೆಂಗ ಏಳ್ತಾವ?"

ನಾನು ಧ್ವನಿ ಏರಿಸಿದೆ. ಸೆಲ್ ಹಳೆಯದಿರಬೇಕು, ಕೈ ಒದ್ದೆ ಇರಬೇಕು, ಮಣ್ಣು ಸಿಕ್ಕಿರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರು ತಾಳ್ಮೆಯಿಂದ ಕೇಳಿ, "ನೀನ ಒಮ್ಮೆ ಮುಂಜಾನಿ ಬಂದು ಹಾಕು, ಎದ್ದರ ನಂದ ತಪ್ಪು ಅಂತೀನಿ" ಎಂದರು. ಎರಡನೆಯ ಚಿಪ್ ಕಳಿಸಲು ಆಗ ಹನ್ನೊಂದು ದಿನ ಉಳಿದಿತ್ತು. ಅದರೊಳಗೂ ನನ್ನ ಸರ್ಕ್ಯೂಟೇ ಎಂದು ಸರ್ ಆಗಲೇ ಬರೆದುಕೊಂಡಿದ್ದರು.

ಮರುದಿನ ಮೊದಲ ಬಸ್ಸಿಗೆ ಸಂಡೂರಿಗೆ ಹೋದೆ. ಗುಡ್ಡಗಳ ನಡುವೆ ಮಂಜು ಕೂತಿತ್ತು, ಅದಿರು ಲಾರಿಗಳು ದೀಪ ಹಾಕಿಕೊಂಡೇ ಬರುತ್ತಿದ್ದವು. ಸ್ವೆಟರ್ ತರದೆ ಹೋದ ನಾನು ದುಪಟ್ಟಾವನ್ನು ಕಿವಿಗೆ ಸುತ್ತಿಕೊಂಡು ನರ್ಸರಿ ಸೇರಿದೆ. ಆ ತಾಯಿ ಒಂದು ಕೋಲು, ಹೊಸ ಸೆಲ್ ಎರಡನ್ನೂ ಕಲ್ಲಿನ ಮೇಲೆ ಇಟ್ಟು, ಕೈಕಟ್ಟಿ ನಿಂತರು. ಸೆಲ್ ಹಾಕಿದೆ. ದೀಪ ಮಿನುಗಲಿಲ್ಲ. ತೆಗೆದು ಒರೆಸಿ ಹಾಕಿದೆ. ಇಲ್ಲ. ಬೇರೆ ಕೋಲು, ಬೇರೆ ಸೆಲ್. ಇಲ್ಲ. ಮೀಟರ್ ತೆಗೆದು ಅದರ ತಂತಿಯ ಮೊನೆಯನ್ನು ಬೋರ್ಡಿಗೆ ತಾಗಿಸಿದ್ದೇ ತಡ, ದೀಪ ಟಕ್ಕೆಂದು ಮಿನುಗಿ ಚಿಪ್ ಎದ್ದುಬಿಟ್ಟಿತು!

"ನೀ ಮುಟ್ಟಿದ ಕೂಡ್ಲೆ ಎದ್ದಿತಲ್ಲ. ದೃಷ್ಟಿ ತಗದಂಗಾತು" ಎಂದು ಅವರು ನಕ್ಕರು.

ನಾನು ನಗಲಿಲ್ಲ. ಮೀಟರು ಅಳೆಯುವಾಗ ತಾನೂ ಚೂರು ಕರೆಂಟ್ ಎಳೆಯುತ್ತದೆ. ಆ ಚೂರು ಎಳೆತವೇ ನನ್ನ ಸರ್ಕ್ಯೂಟನ್ನು ಎಬ್ಬಿಸಿತ್ತು. ಹಾಗಾದರೆ ಮಧ್ಯಾಹ್ನ ಎಬ್ಬಿಸುತ್ತಿದ್ದುದು ಯಾವುದು? ಬಿಸಿ! ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರೊಳಗೆ ಚೂರು ಕರೆಂಟ್ ತಾನಾಗಿ ಸೋರುತ್ತದೆ. ಸೆಲ್ ಹಾಕಿಯೂ ಏಳದ ಇನ್ನೊಂದು ಕೋಲಿನ ಬೋರ್ಡನ್ನು, ಕೈಯ ತೇವ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, "ಅಮ್ಮಾರ, ಇದನ್ನ ಮುಷ್ಟಿಯೊಳಗ ಬಿಗಿಯಾಗಿ ಹಿಡ್ಕೊರ್ರಿ" ಎಂದೆ. ಅವರು ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು. ನಾವಿಬ್ಬರೂ ಆ ಕೈಗಳನ್ನೇ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಿಂದ ಬೆಳಕು ಮಿನುಗಿತು. "ಅಯ್ಯ ಶಿವನೇ!" ಎಂದು ಅವರು, "ಸಿಕ್ತು! ಸಿಕ್ತು!" ಎಂದು ನಾನು. ಸಸಿಗಳ ನಡುವೆ ಕುಣಿದೇಬಿಟ್ಟೆ. ತಪ್ಪು ಸಿಕ್ಕಿತೆಂದು ಕುಣಿಯುವ ಮಂದಿ ನಾವು. ಸಿಗದ ತಪ್ಪಿನಷ್ಟು ದೊಡ್ಡ ನರಕ ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಉಳಿದದ್ದೂ ಹೊಳೆಯಿತು. ಸಿಮ್ಯುಲೇಷನ್ ಪ್ರೋಗ್ರಾಮು ತನ್ನ ಲೆಕ್ಕ ನಡುವೆ ಸಿಕ್ಕಿಹಾಕಿಕೊಳ್ಳಬಾರದೆಂದು ಎಲ್ಲ ಕಡೆ ಕಾಣದಷ್ಟು ಸೋರಿಕೆಯನ್ನು ತಾನೇ ಸೇರಿಸಿಕೊಳ್ಳುತ್ತದೆ. ನನ್ನಂಥ ಅತಿ ಕಡಿಮೆ ಕರೆಂಟಿನ ಸರ್ಕ್ಯೂಟಿಗೆ ಆ ಸೋರಿಕೆಯೇ ಸಾಕು, ಎದ್ದುಬಿಡುತ್ತದೆ. ಪ್ರೋಗ್ರಾಮು ಎಬ್ಬಿಸಿತ್ತು, ಮೇ ತಿಂಗಳು ಎಬ್ಬಿಸಿತ್ತು, ಹಂಪಿಯ ಬಂಡೆ ಎಬ್ಬಿಸಿತ್ತು, ಮೀಟರು ಎಬ್ಬಿಸಿತ್ತು. ಎಲ್ಲರೂ ರಟ್ಟೆ ಹಿಡಿದು ನಡೆಸುತ್ತಿದ್ದರೆ, ನನ್ನ ಕೂಸು ತಾನೇ ನಡೆಯುತ್ತಿದೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಬಸ್ಸು ಹೊಸಪೇಟೆಗೆ ಬರುವ ಹೊತ್ತಿಗೆ ಕುಣಿತ ಪೂರ್ತಿ ಇಳಿದಿತ್ತು. ಎಬ್ಬಿಸಬೇಕಾದದ್ದನ್ನು ನಾನೇ ಕಿತ್ತು ಹಾಕಿದ್ದೆ. ಅದು ಸರ್‌ಗೆ ಗೊತ್ತಾದರೆ ನನ್ನ ಸರ್ಕ್ಯೂಟ್ ಎರಡನೆಯ ಚಿಪ್‌ನಿಂದ ಹೊರಗೆ.

ಹೇಳದೆ ಇರಬಹುದಿತ್ತು. ಇದನ್ನು ಮುಚ್ಚಿಡದೆ ಬರೆಯುತ್ತೇನೆ, ಏಕೆಂದರೆ ಒಂದಿಡೀ ಸಂಜೆ ನಾನು ಅದನ್ನೇ ಯೋಚಿಸಿದ್ದೆ. ಸ್ಟಾರ್ಟ್-ಅಪ್ ಅನ್ನು ಸದ್ದಿಲ್ಲದೆ ವಾಪಸು ಸೇರಿಸಿ, ಚಳಿಗೆ ಸ್ವಲ್ಪ ತಿದ್ದಿದೆ ಎಂದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಲು ರೋಗ ಖಚಿತವಾಗಲಿ ಎಂದು ಮರುದಿನ ಡ್ಯಾಮಿನ ಕಡೆ ಮೀನು ಮಾರುವವರಿಂದ ಒಂದು ಥರ್ಮೋಕೋಲ್ ಪೆಟ್ಟಿಗೆ, ತುಂಬ ಐಸು ತಂದೆ. ಇಪ್ಪತ್ತು ಬೋರ್ಡು ಚೀಲದಲ್ಲಿ ಸುತ್ತಿ ಒಳಗಿಟ್ಟು, ಒಂದೊಂದಕ್ಕೂ ಸೆಲ್ ಹಾಕಿದೆ. ಇಪ್ಪತ್ತರಲ್ಲಿ ಒಂದೂ ಏಳಲಿಲ್ಲ. ಆಫೀಸೆಲ್ಲ ಮೀನಿನ ವಾಸನೆ. ಸರ್ ಒಳಗೆ ಬಂದವರೇ ಮೂಗು ಮುಚ್ಚಿಕೊಂಡು, "ಏನವ್ವಾ ಇದು, ಅಂಗಡಿ ಬದಲು ಮಾಡಿದೇನು?" ಎಂದರು. ಆಮೇಲೆ ಪೆಟ್ಟಿಗೆ ನೋಡಿದರು, ಏಳದ ಬೋರ್ಡುಗಳನ್ನು ನೋಡಿದರು. ನಗು ನಿಂತಿತು. ಹಳೆಯ ಪಟ್ಟಿ ತೆಗೆದರು: ಸ್ಟಾರ್ಟ್-ಅಪ್, ಇದೆ, ಗುರುತು. ಪರದೆಯ ಮೇಲೆ ಲೇಔಟ್ ತೆರೆದರು. ಅದು ಇರಬೇಕಾದ ಜಾಗ ಖಾಲಿ.

ಅವರು ಲೇಔಟ್‌ಗಾರನ ಕಡೆ ತಿರುಗಿದರು. "ಪಟ್ಟಿಯೊಳಗ ಐತಿ, ನಿನ್ನ ಲೇಔಟ್‌ನ್ಯಾಗ ಇಲ್ಲ. ಎಲ್ಲಿ ಹೋತೋ ಇದು? ಬಿಟ್ಟುಬಿಟ್ಟಿದೇನು?"

ಅವನು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲೆ ಎರಡೂ ಕೈ ಇಟ್ಟು, ಉಗುರು ನೋಡುತ್ತ ಕುಳಿತ. ಅಂದು ಸಂಜೆ "ಸರ್‌ಗೆ ಗೊತ್ತೈತೇನ್ರಿ" ಎಂದು ಕೇಳಿದವನು. ಒಂದು ಗೆರೆ ಬಿಟ್ಟಿದ್ದಾನೆ ಎಂಬ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದವನು.

"ನಾ ತೆಗೆಸಿದ್ದು ಸರ್" ಎಂದೆ. "ನೀವು ಗುರುತು ಹಾಕಿ ಹೋದ ಮ್ಯಾಲೆ. ಅಂವ ಕೇಳಿದ, ನಿಮಗ ಹೇಳೀನಿ ಅಂತ ಸುಳ್ಳು ಹೇಳಿದೆ."

"ಎಷ್ಟು ಉಳೀತು?" ಎಂದರು ಸರ್.

"ನಾಲ್ಕು ನ್ಯಾನೋ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, "ಮಾತು ಮಾತೇ. ಎರಡನೇ ಚಿಪ್‌ಗೆ ಹೊರಗಿನವರದ ಹಾಕೋಣ" ಎಂದರು. ಅಳಬಾರದು ಎಂದು ಒಪ್ಪಿಕೊಂಡಿದ್ದೆನಲ್ಲ, ಅಳಲಿಲ್ಲ. ಎದ್ದು ಪೆಟ್ಟಿಗೆಯ ನೀರು ಚೆಲ್ಲಲು ಹೊರಟೆ.

"ಸರ್, ಜಾಗ ಐತ್ರಿ" ಎಂದ ಲೇಔಟ್‌ಗಾರ. "ಬಲಗಡೆ ಮೂಲಿ ಖಾಲಿ ಐತಿ. ಎರಡೂ ಹಾಕಬಹುದು. ಯಾವುದು ನಡೀಬೇಕು ಅನ್ನೋದು ಹೊರಗಿಂದ ಆರಿಸಬಹುದು."

ನಾನು ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತೆ. ಸರ್ ಪರದೆಯ ಮೂಲೆಯನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದರು. ಕೊನೆಗೆ, "ಸಂಡೂರಿನ ಚಳಿಯೊಳಗ, ಯಾರೂ ಮುಟ್ಟದ, ಅಷ್ಟೂ ಏಳಬೇಕು. ಒಂದು ಮಲಗಿತಂದ್ರ ನಿನ್ನದು ಮುಂದ ಯಾವ ಚಿಪ್‌ನ್ಯಾಗೂ ಇಲ್ಲ" ಎಂದರು.

ಆ ಒಂಬತ್ತು ದಿನ ನಾನು ದೆವ್ವ ಹೊಕ್ಕವಳಂತೆ ಕೆಲಸ ಮಾಡಿದೆ. ಸ್ಟಾರ್ಟ್-ಅಪ್ ಮತ್ತೆ ಸೇರಿಸಿ, ಪ್ರೋಗ್ರಾಮಿನ ಸೋರಿಕೆಯನ್ನು ನೂರು ಪಟ್ಟು ತಗ್ಗಿಸಿ, ಚಳಿಯಲ್ಲಿ, ಸೆಲ್ ನಿಧಾನಕ್ಕೆ ತಾಗಿದಾಗ, ಹಳೆಯ ಸೆಲ್ ಹಾಕಿದಾಗ, ಎಲ್ಲ ಬಗೆಯಲ್ಲೂ ಸರ್ಕ್ಯೂಟನ್ನು ಮಲಗಿಸಲು ನೋಡಿದೆ. ಮೊದಲು ಅದನ್ನು ಹೊಗಳಲು ಓಡಿಸುತ್ತಿದ್ದವಳು ಈಗ ಕೆಡವಲೆಂದೇ ಓಡಿಸಿದೆ. ಇದರಲ್ಲಿ ಇನ್ನೂ ಹೆಚ್ಚು ಖುಷಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ! ಲೇಔಟ್‌ಗಾರ ನಾನು ಕೊಟ್ಟದ್ದನ್ನೆಲ್ಲ ತಪ್ಪದೆ ಬರೆದ, ಆದರೆ "ಹ್ಞೂಂ" ಬಿಟ್ಟರೆ ಬೇರೆ ಮಾತಿಲ್ಲ. ಮೂರನೆಯ ದಿನ ತಡೆಯಲಾರದೆ ಹೇಳಿದೆ, "ಸುಳ್ಳು ಹೇಳಿದ್ದು ತಪ್ಪಾತೋ."

ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ, "ನನಗ ಹೇಳಿದ್ದು ಹೋಗ್ಲಿ ಬಿಡ್ರಿ ಅಕ್ಕಾ. ನನ್ನ ಲೇಔಟ್ ಒಂದು ಹೇಳ್ತಿತ್ತು, ಪಟ್ಟಿ ಒಂದು ಹೇಳ್ತಿತ್ತು. ವರ್ಷದ ತನಕ ನನ್ನ ಗೆರಿ ಸುಳ್ಳಾಗಿ ಕುಂತಿತ್ತು. ಅದು ನನಗ ತಡೀವಲ್ದು."



ಎರಡನೆಯ ಚಿಪ್ ಬಂದದ್ದೂ ಬೇಸಿಗೆಯಲ್ಲೇ. ಮತ್ತೆ ಮೀನಿನ ಪೆಟ್ಟಿಗೆ, ಮತ್ತೆ ಐಸು. ಇಪ್ಪತ್ತಕ್ಕೆ ಇಪ್ಪತ್ತೂ ಎದ್ದವು. ಸರ್ ತಲೆಯಾಡಿಸಿದರು, ಆದರೆ "ಡಿಸೆಂಬರ್" ಎಂದಷ್ಟೇ ಹೇಳಿದರು. ಹೊಸಪೇಟೆಯಲ್ಲಿ ಕುಳಿತು ಚಳಿಗಾಗಿ ಇಷ್ಟು ಹಂಬಲಿಸಿದವಳು ಇನ್ನೊಬ್ಬಳಿರಲಾರಳು. ದಿನಾ ಬೆಳಿಗ್ಗೆ ಫೋನಿನಲ್ಲಿ ಸಂಡೂರಿನ ತಾಪಮಾನ ನೋಡುತ್ತಿದ್ದೆ. ಅವ್ವ ನನಗೆ ಅಲ್ಲಿ ಯಾರೋ ಗಂಡು ಗೊತ್ತಾಗಿದ್ದಾನೆ ಎಂದು ತಿಳಿದು ಒಳಗೊಳಗೇ ಖುಷಿಪಟ್ಟಿದ್ದಳಂತೆ.

ಡಿಸೆಂಬರಿನ ಎರಡನೆಯ ವಾರ ಮೂವರೂ ಹೋದೆವು. ಹಿಂದಿನ ವರ್ಷಕ್ಕಿಂತ ಚಳಿ ಜಾಸ್ತಿಯೇ ಇತ್ತು, ಬಾಯಿ ತೆರೆದರೆ ಹೊಗೆ. ಇಪ್ಪತ್ತು ಕೋಲುಗಳು ಹಿಂದಿನ ಸಂಜೆಯೇ ಬಂದು ಪಾತಿಯ ಬದಿಯಲ್ಲಿ ಬಿದ್ದಿದ್ದವು, ಇಬ್ಬನಿ ಹಿಡಿದಿತ್ತು. ಹೊರಗಿನವರ ಸರ್ಕ್ಯೂಟ್ ಬಂದ್, ನನ್ನದು ಚಾಲೂ ಎಂದು ಅಷ್ಟನ್ನೂ ಆರಿಸಿ ಇಟ್ಟಿದ್ದೆವು. ನಮ್ಮ ಮೂವರಲ್ಲಿ ಯಾರೂ ಮುಟ್ಟಬಾರದು ಎಂದು ಸರ್ ಹೇಳಿದ್ದರಿಂದ ಸೆಲ್ಲುಗಳನ್ನು ಆ ನರ್ಸರಿಯ ತಾಯಿಯ ಸೆರಗಿಗೆ ಸುರಿದೆವು. ಅವರು ಮೊದಲನೆಯದನ್ನು ಹಾಕಿದರು. ಮಿಣುಕ್! ಎರಡನೆಯದು, ಮಿಣುಕ್. ಲೇಔಟ್‌ಗಾರ ಎಣಿಸತೊಡಗಿದ. ಏಳನೆಯದು ಅರೆಗಳಿಗೆ ತಡಮಾಡಿತು. ಅವರ ಬೆರಳಿಗೆ ಚಳಿ ಹಿಡಿದು ಸೆಲ್ ಪೂರ್ತಿ ಕೂತಿರಲಿಲ್ಲ, ಒತ್ತಿದರು, ಎದ್ದಿತು. ಹದಿನೈದು, ಹದಿನಾರು. ಎಣಿಸುವವನ ಧ್ವನಿ ಏರುತ್ತ ಹೋಯಿತು. "ಇಪ್ಪತ್ತ್!" ಎಂದು ಅವನು ಕೂಗಿದಾಗ ಗುಡ್ಡವೇ ತಿರುಗಿ ಕೂಗಿದಂತೆ ಕೇಳಿತು. ನಾನು ಅವನ ಕೈ ಹಿಡಿದು ಗಿರಗಿರ ತಿರುಗಿಸಿಬಿಟ್ಟೆ. ಸರ್ ಮುಖ ಬೇರೆ ಕಡೆ ಮಾಡಿ, "ಹೊರಗಿನವರದು ಇನ್ನ ಬ್ಯಾಡ. ಮುಂದಿನ ಚಿಪ್‌ನ್ಯಾಗ ತಗದುಬಿಡ್ರಿ" ಎಂದರು. ಗೆದ್ದೆ. ಅಷ್ಟು ಖುಷಿ ನನಗೆ ಜೀವನದಲ್ಲಿ ಆಗಿರಲಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಚಹಾ ಕುಡಿಯುವಾಗ ಆ ತಾಯಿ ಹೋದ ವರ್ಷ ಯಾಕೆ ಏಳುತ್ತಿರಲಿಲ್ಲ ಎಂದು ಕೇಳಿದರು. ಎಬ್ಬಿಸುವ ಒಂದು ಭಾಗವಿತ್ತು, ಸೆಲ್ ಉಳಿಯಲಿ ಎಂದು ನಾನೇ ತೆಗೆದಿದ್ದೆ, ಈಗ ಮತ್ತೆ ಹಾಕಿದೆ ಎಂದು ಹೇಳಿದೆ.

"ತಗದದ್ದಕ್ಕ ಸೆಲ್ಲು ಎಷ್ಟು ದಿನ ಜಾಸ್ತಿ ಬರ್ತಿತ್ತು?"

ಎರಡು ವರ್ಷ ಆ ನಾಲ್ಕನ್ನು ನಾಲ್ಕು ಎಂದೇ ನೋಡಿದ್ದೆ. ದಿನಗಳಲ್ಲಿ ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ಫೋನ್ ತೆಗೆದು ಲೆಕ್ಕ ಹಾಕಿದೆ. ಕೋಲಿನ ಎಲ್ಲ ಕೆಲಸ ಸೇರಿ ಒಂದು ಸೆಲ್ ಹತ್ತು ವರ್ಷ ಬರುತ್ತದೆ. ನಾಲ್ಕು ನ್ಯಾನೋ ಉಳಿಸಿದರೆ ಹತ್ತು ವರ್ಷದ ಮೇಲೆ ಇನ್ನೂ ಆರು ದಿನ.

"ಆರು ದಿನ" ಎಂದೆ.

"ಹತ್ತು ವರ್ಷದಾಗ ಆರು ದಿನಾ?" ಅವರು ಲೋಟ ಕೆಳಗಿಟ್ಟು ಪಾತಿಗಳ ಕಡೆ ಕೈ ಮಾಡಿದರು. "ಯವ್ವಾ, ನನ್ನ ಸಸಿ ಇಲ್ಲಿ ಇರೋದ ಒಂದು ಮಳಿಗಾಲದ ತನಕ."

ಲೇಔಟ್‌ಗಾರನಿಗೆ ನಗು ತಡೆಯಲಾಗಲಿಲ್ಲ. ಚಹಾ ನೆತ್ತಿಗೇರಿ ಕೆಮ್ಮುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, "ಆರು ದಿನ ಅಂತ ಅಕ್ಕಾ!" ಎಂದು ನನ್ನ ಬೆನ್ನಿಗೆ ಗುದ್ದಿದ. ಅವನು ನನ್ನೊಡನೆ ಹಾಗೆ ನಕ್ಕು ಒಂದು ವರ್ಷವಾಗಿತ್ತು.